ಹೆಣಾ ಎತ್ತಲಿ ಎಂದವಳು

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗೊಂದು ಕೆಲಸ ಸಿಕ್ಕಿತು: ಬೈಗುಳ ಓದುವುದು. ಬೆಳಗಿನ ಕಾಫಿ ಮುಗಿದು, ನಮ್ಮ ಮನೆಯವರು ಪೇಪರ್ ಹಿಡಿದು ಕಿಟಕಿಯ ಹತ್ತಿರ ಕೂತಮೇಲೆ ನಾನು ಟ್ಯಾಬ್ಲೆಟ್ ತೆರೆಯುತ್ತಿದ್ದೆ. ಹಿಂದಿನ ದಿನ ಪುಣೆಯ ಕನ್ನಡಿಗರು ಒಬ್ಬರಿಗೊಬ್ಬರು ಅಂದುಕೊಂಡ ಕೆಟ್ಟ ಮಾತುಗಳೆಲ್ಲ ಅಲ್ಲಿ ಸಾಲಾಗಿ ನನಗಾಗಿ ಕಾದಿರುತ್ತಿದ್ದವು, ಹೋಮ್‌ವರ್ಕ್ ಪುಸ್ತಕಗಳ ಹಾಗೆ.

ಕೆಲಸ ಕೊಟ್ಟವಳು ಚಿಂಚವಾಡದ ನಮ್ಮ ಕಟ್ಟಡದಲ್ಲೇ ಎರಡನೇ ಮಹಡಿಯಲ್ಲಿರುವ ಹುಡುಗಿ. ತುಮಕೂರಿನ ಕಡೆಯವಳು, ಮಗರಪಟ್ಟಾದಲ್ಲಿ ಕಂಪ್ಯೂಟರ್ ಕೆಲಸ. ಊರಿಗೆ ಹೊಸದಾಗಿ ಬಂದ ಕನ್ನಡಿಗರಿಗೆಂದು ಅವಳು ಗೆಳತಿಯರ ಜೊತೆ ಸೇರಿ ಒಂದು ಆನ್‌ಲೈನ್ ಬಳಗ ಶುರುಮಾಡಿದ್ದಳು. ರೂಮು ಎಲ್ಲಿ ಸಿಗುತ್ತದೆ, ಕನ್ನಡ ಬಲ್ಲ ಡಾಕ್ಟರ್ ಯಾರು, ಇಲ್ಲಿನ ಅಕ್ಕಿಯಲ್ಲಿ ಇಡ್ಲಿ ಯಾಕೆ ಕಲ್ಲಾಗುತ್ತದೆ, ಇಂಥವು. ಆಮೇಲೆ ಅದಕ್ಕೆ ‘ಹೇಳಿಬಿಡಿ’ ಎಂಬ ಒಂದು ಕೋಣೆ ಸೇರಿಸಿದರು. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಬರೆಯಬಹುದು. ಹೆಸರಿಲ್ಲ, ಫೋನ್ ನಂಬರಿಲ್ಲ, ಮೇಲ್ ಇಲ್ಲ. ಸೇರಿದ ಕೂಡಲೇ ಮಷೀನು ನಿಮಗೊಂದು ತರಕಾರಿಯ ಹೆಸರು ಕೊಡುತ್ತದೆ, ಅಷ್ಟೇ. ಯಾರು ಯಾರೆಂದು ಅವಳಿಗೂ ಗೊತ್ತಾಗುವುದಿಲ್ಲ. ಅದೇ ಅವಳ ಹೆಮ್ಮೆ.

"ಆಂಟಿ, ನಿಮ್ಗೆ ಟೈಮ್ ಇದೆ. ಕನ್ನಡ ಬರುತ್ತೆ, ಇಂಗ್ಲಿಷ್ ಅಂತೂ ನಮ್ಮ ಮ್ಯಾನೇಜರ್‌ಗಿಂತ ಚೆನ್ನಾಗ್ ಬರುತ್ತೆ. ಜೊತೆಗೆ ನಿಮ್ಗೆ ಸಿಟ್ಟೇ ಬರಲ್ವಂತೆ. ನೀವೇ ನಮ್ಮ ಮಾಡರೇಟರ್."

"ಸಿಟ್ಟು ಬರಲ್ಲ ಅಂತ ಯಾರು ಹೇಳಿದ್ದು?"

"ಅಂಕಲ್."

"ಅವರಿಗೆ ಕಿವಿ ಕೇಳಿಸಲ್ಲ ಕಣೆ."

ಬೇಡ ಅನ್ನಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಬರಹ ತಿದ್ದಿದವಳು ನಾನು. ಕೆಂಪು ಪೆನ್ನು ಕೈಬಿಟ್ಟ ಮೇಲೆ ಬೆರಳುಗಳಿಗೆ ಏನೋ ಕಳೆದುಕೊಂಡಂತೆ ಇತ್ತು.

ಮೊದಲು ಅವಳು ಕೇಳಿದ್ದು ಕೆಟ್ಟ ಪದಗಳ ಪಟ್ಟಿ. ಆ ಪದಗಳನ್ನು ಮಷೀನಿಗೆ ಕಲಿಸಿದರೆ ಅದೇ ಹಿಡಿದು ನಿಲ್ಲಿಸುತ್ತದಂತೆ. ನಾನು ಗೆರೆ ಹಾಕಿದ ನೋಟ್‌ಬುಕ್ ಹಿಡಿದು ಕೂತೆ. ಅರ್ಧ ಗಂಟೆಯಲ್ಲಿ ನಾಲ್ಕು ಪದ ಹೊಳೆದವು. ಅದರಲ್ಲಿ ಎರಡು ಪ್ರಾಣಿಗಳ ಹೆಸರು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಹನ್ನೊಂದು ವರ್ಷ ಸಿಸ್ಟರ್‌ಗಳ ಕೈಕೆಳಗೆ ಬೆಳೆದೆ. ಅಲ್ಲಿ ಜೋರಾಗಿ ನಕ್ಕರೂ, ಕಾಲು ಚಾಚಿ ಕೂತರೂ, ಕಾರಿಡಾರಿನಲ್ಲಿ ಕನ್ನಡ ಆಡಿದರೂ ಒಂದೇ ಪದ: ‘ಅನ್‌ಬಿಕಮಿಂಗ್’. ನಿನ್ನಂಥ ಹುಡುಗಿಗೆ ತಕ್ಕುದಲ್ಲ ಅಂತ. ಕೈ ಮೇಲೆ ಸ್ಕೇಲಿನ ಏಟಿಗಿಂತ ಆ ಪದದ ಏಟು ಜೋರು.

ನಮ್ಮ ಮನೆಯವರು ಪೇಪರ್ ಕೆಳಗಿಳಿಸಿ, "ಬರ್ಕೋ," ಎಂದರು. ಪಿಂಪ್ರಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಕನ್ನಡ, ಮರಾಠಿ, ಹಿಂದಿ ಮೂರು ಭಾಷೆಗಳಲ್ಲಿ, ರೇಷನ್ ಸಾಮಾನು ಓದಿ ಹೇಳುವ ದನಿಯಲ್ಲಿ, ಒಂದಾದ ಮೇಲೊಂದು ಹೇಳುತ್ತಾ ಹೋದರು. ನನ್ನ ಕಿವಿ ಬಿಸಿಯಾಯಿತು.

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಲೇತ್ ಮಷೀನ್ ಹತ್ರ."

"ಯಾರ ಮೇಲಾದ್ರೂ ಅಂದಿದ್ದೀರಾ?"

"ಮಷೀನ್ ಮೇಲೆ ಮಾತ್ರ."

ಆ ಮಧ್ಯಾಹ್ನ ನಾವಿಬ್ಬರೂ ತುಂಬ ನಕ್ಕೆವು. ಪಟ್ಟಿ ಮೂರು ಪುಟವಾಯಿತು. ಅದರಲ್ಲಿದ್ದದ್ದೆಲ್ಲ ಗಂಡಸರ ಬೈಗುಳ, ಕಾರ್ಖಾನೆಯ ಬೈಗುಳ ಎಂಬುದು ಅವತ್ತು ನನಗೆ ಹೊಳೆಯಲಿಲ್ಲ.

ಕೆಲಸದ ರೀತಿ ಹೀಗಿತ್ತು. ಯಾವುದಾದರೂ ಕಾಮೆಂಟು ಸರಿಯಿಲ್ಲವೆಂದು ಓದುವವರು ಯಾರಾದರೂ ರಿಪೋರ್ಟ್ ಮಾಡಿದರೆ ಅದೊಂದು ಮಾತ್ರ ನನ್ನ ಮುಂದೆ ಬರುತ್ತದೆ. ಅದರ ಹಿಂದೆ ಏನು ಮಾತು ನಡೆದಿತ್ತು, ಮುಂದೆ ಏನಾಯಿತು ನೋಡಬೇಕೆಂದರೆ ನಾನೇ ಬೇರೆ ಕಡೆ ಹೋಗಿ ಹುಡುಕಬೇಕು. ಮೊದಮೊದಲು ಹುಡುಕುತ್ತಿದ್ದೆ. ಆಮೇಲೆ ಬಿಟ್ಟೆ. ಕೆಳಗೆ ಮೂರು ಗುಂಡಿ: ಬಿಡು, ಅಳಿಸು, ಹೊರಗೆ ಹಾಕು. ಸಾಯಿ ಎಂದು ಯಾರಿಗಾದರೂ ಹೇಳಿದರೆ ಚರ್ಚೆಯಿಲ್ಲ, ನೇರ ಹೊರಗೆ. ಹೊರಗೆ ಹಾಕಿದವರ ಮಾತುಗಳೆಲ್ಲ ಒಟ್ಟಿಗೇ ಮಾಯವಾಗಿ ಅಲ್ಲಿ ಬೂದು ಗೆರೆಗಳಷ್ಟೇ ಉಳಿಯುತ್ತವೆ. ಅವರಿಗೆ ಹೋಗುವ ನೋಟಿಸನ್ನು ನಾನೇ ಬರೆದುಕೊಟ್ಟಿದ್ದೆ, ಇಂಗ್ಲಿಷಿನಲ್ಲಿ. ಮೂರೇ ವಾಕ್ಯ, ಒಂದು ಕಾಮಾ ಹೆಚ್ಚುಕಡಿಮೆಯಿಲ್ಲ. ನಿಮ್ಮ ನಡತೆ ಅನ್‌ಬಿಕಮಿಂಗ್ ಆಗಿರುವುದರಿಂದ ಎಂದು ಅದು ಶುರುವಾಗುತ್ತಿತ್ತು. ಬರೆದಾಗ ಸಿಸ್ಟರ್‌ಗಳು ನೋಡಿದ್ದರೆ ಮೆಚ್ಚುತ್ತಿದ್ದರು ಅಂದುಕೊಂಡಿದ್ದೆ.

‘ಹೀರೇಕಾಯಿ’ ಎಂಬ ಹೆಸರು ಸಿಕ್ಕಿದ ಒಬ್ಬಳು ಶ್ರಾವಣದಲ್ಲಿ ‘ಹೇಳಿಬಿಡಿ’ಗೆ ಬಂದಳು. ಹೊಸದಾಗಿ ಶುರುವಾದ ಬರಹಗಳನ್ನಷ್ಟೇ ನಾನು ಒಮ್ಮೆ ಓದುತ್ತಿದ್ದೆ, ಅವಳದು ಹೀಗಿತ್ತು:

"ಕೂಸು ಹುಟ್ಟಿ ನಾಲ್ಕ ತಿಂಗಳಾತು. ಎಲ್ಲಾರೂ ಅದರ ಮಾರಿ ನೋಡಿ ನಗತಾರ. ನನಗ ಏನೂ ಅನಸೂದಿಲ್ಲ. ಅದು ಅಳಾಕ ಹತ್ತಿತಂದ್ರ ಬಾತ್‌ರೂಮಿನ ಬಾಗಲಾ ಹಾಕ್ಕೊಂಡು ನಳಾ ಬಿಟ್ಟು ಕೂಡತೀನಿ. ಇವರು ಬೆಳಗ್ಗೆ ಚಾಕಣಕ್ಕ ಡ್ಯೂಟಿಗೆ ಹೋದ್ರ ಸಂಜೀತನಕಾ ನಾ ಒಬ್ಬಾಕಿ. ನಮ್ಮದು ಹನ್ನೊಂದನೇ ಮಾಳಿಗಿ. ಬಾಲ್ಕನಿಗೆ ಹೋಗಬಾರದಂತ ಬಾಗಲಕ್ಕ ಕುರ್ಚಿ ಅಡ್ಡ ಇಟ್ಟೀನಿ."

ಅದನ್ನು ಓದಿ ನಾನು ಅವತ್ತು ಮಧ್ಯಾಹ್ನ ಮಲಗಲಿಲ್ಲ. ಆದರೆ ಬರೆದದ್ದೇನೂ ಇಲ್ಲ. ಮಾಡರೇಟರ್ ಮಾತಾಡಬಾರದೆಂದು ನಿಯಮ. ಸಹಾಯವಾಣಿಯ ನಂಬರನ್ನು ಮಷೀನು ತಾನೇ ಹಾಕಿತ್ತು. ಅಷ್ಟು ಸಾಕೆಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನದ ಮೇಲೆ ಅವಳ ಕೆಳಗಿನ ಒಂದು ಕಾಮೆಂಟು ನನ್ನ ಮುಂದೆ ಬಂತು. ಬರೆದವರ ಹೆಸರು ‘ಬೂದುಗುಂಬಳ’. "ತಾವು ಅನ್ಯಥಾ ಭಾವಿಸಬಾರದು. ತಾಯ್ತನದ ಬಗ್ಗೆ ಹೀಗೆ ಬರೆಯುವುದು ತಮಗೆ ಶೋಭಿಸುವುದಿಲ್ಲ. ಎಷ್ಟೋ ಜನ ಮಕ್ಕಳಿಲ್ಲದೆ ಕೊರಗುತ್ತಿರುವಾಗ ತಮ್ಮಂಥವರಿಗೆ ಮಗುವನ್ನು ಕೊಟ್ಟು ದೇವರೇ ಎಡವಿದನೇನೋ. ತಾವಿಲ್ಲದಿದ್ದರೂ ಆ ಮಗು ಬೆಳೆದೀತು ಎಂಬುದನ್ನು ದಯವಿಟ್ಟು ಯೋಚಿಸಿ." ನಾನು ಎರಡು ಸಲ ಓದಿದೆ. ಕಠೋರವಾಗಿದೆ ಅನ್ನಿಸಿತು. ಆದರೆ ಪಟ್ಟಿಯ ಒಂದು ಪದವೂ ಅದರಲ್ಲಿಲ್ಲ. ಬಹುವಚನ, ದಯವಿಟ್ಟು, ಒಂದು ಅಕ್ಷರ ತಪ್ಪಿಲ್ಲ. ಒಪಿನಿಯನ್ ಎಂದುಕೊಂಡೆ. ‘ಬಿಡು’ ಒತ್ತಿದೆ. ಇಷ್ಟು ಚೆನ್ನಾಗಿ ಕನ್ನಡ ಬರೆಯುವವರು ಈಗ ಯಾರಿದ್ದಾರೆ ಎಂದೂ ಅಂದುಕೊಂಡೆ. ಅದನ್ನು ಬರೆಯಲು ಈಗ ಕೈ ನಾಚುತ್ತದೆ. ಆದರೂ ಅಂದುಕೊಂಡದ್ದು ನಿಜ.

ಅದಾಗಿ ಮೂರು ವಾರಕ್ಕೆ ಅವಳ ಕೆಳಗಿನ ಮತ್ತೊಂದು ಕಾಮೆಂಟು ಬಂತು. ಬರೆದದ್ದು ‘ಮೂಲಂಗಿ’. "ನಿನ್ನ ಹೆಣಾ ಎತ್ಲಿ, ಇನ್ನೂ ಹಂಗ ಕುಂತೀಯೇನ? ಏಳ. ಎದ್ದ ಮಾರಿ ತೊಳಕೋ."

ಬಾಲ್ಕನಿಗೆ ಕುರ್ಚಿ ಅಡ್ಡವಿಟ್ಟುಕೊಂಡವಳಿಗೆ ಹೆಣ ಎತ್ತಲಿ ಎನ್ನುವುದೇ? ಎಂಥ ರಾಕ್ಷಸ ಬುದ್ಧಿ! ಹಿಂದೆ ಮುಂದೆ ಏನೂ ನೋಡಲಿಲ್ಲ. ‘ಹೊರಗೆ ಹಾಕು’ ಒತ್ತಿದೆ. ನನ್ನ ಇಂಗ್ಲಿಷ್ ನೋಟಿಸು ತಾನಾಗಿ ಹೋಯಿತು. ಒಂದು ಹುಡುಗಿಯನ್ನು ಕಾಪಾಡಿದೆ ಎನ್ನುವ ಸಮಾಧಾನದಲ್ಲಿ ಅವತ್ತು ಬಿಸಿಬೇಳೆಬಾತ್ ಮಾಡಿದೆ.

ನಮ್ಮ ಮನೆಗೆ ರೊಟ್ಟಿ ಮಾಡಿಕೊಡಲು ಒಬ್ಬಾಕೆ ಬರುತ್ತಾಳೆ. ಮಹಾರಾಷ್ಟ್ರದ ಗಡಿಯ ಜತ್ತ ಕಡೆಯವಳು, ಮನೆಮಾತು ಕನ್ನಡ. ಸಕ್ಕರೆ ಕಾಯಿಲೆ ಬಂದಮೇಲೆ ಇವರಿಗೆ ಜೋಳದ ರೊಟ್ಟಿಯೇ ಆಗಬೇಕು, ನನಗೆ ತಟ್ಟಲು ಬರುವುದಿಲ್ಲ. ಹನ್ನೊಂದು ವರ್ಷದಿಂದ ಬರುತ್ತಿದ್ದಾಳೆ. ಪುಣೆಗೆ ಬಂದಾಗಿನಿಂದ ನಾನು ಕೇಳಿದ ಆ ಕಡೆಯ ಕನ್ನಡವೆಲ್ಲ ಹೀಗೇ, ಅಡುಗೆಮನೆಯ ಬಾಗಿಲಲ್ಲಿ, ಅಂಗಡಿಯ ಗಲ್ಲಾದಲ್ಲಿ, ‘ಬರ್ರಿ’, ‘ಕೂಡ್ರಿ’, ‘ಹೌದ್ರಿ’. ಎಷ್ಟು ಸಿಹಿ ಭಾಷೆ ಎಂದು ಬೆಂಗಳೂರಿನ ನೆಂಟರ ಮುಂದೆ ಹೇಳುತ್ತಿದ್ದೆ.

ಬ್ಯಾನ್ ಮಾಡಿದ ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಆಕೆ ಹಿಟ್ಟು ನಾದುತ್ತ, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಇಟ್ಟುಕೊಂಡು ಮಗಳ ಜೊತೆ ಮಾತಾಡುತ್ತಿದ್ದಳು. ನಾನು ಹಾಲಿನಲ್ಲಿದ್ದೆ.

"ನಿನ್ನ ಹೆಣಾ ಎತ್ಲಿ! ಜ್ವರಾ ಬಂದು ಎರಡ ದಿನಾ ಆತು, ಈಗ ಹೇಳ್ತೀಯೇನ? ಗಂಜಿ ಕುಡದಿ? ಇಲ್ಲಾ? ಥೂ ನಿನ್ನ! ಮಗ್ಗಲ ಮನಿಯಾಕಿನ್ನ ಕರಿ, ಫೋನ ಕೊಡು ಆಕಿ ಕೈಯಾಗ."

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಫೋನಿಟ್ಟ ಮೇಲೆ ಕೇಳಿದೆ, "ಮಗಳಿಗೆ ಯಾಕೆ ಹಾಗೆ ಅಂದೆ?"

"ಏನಂದೆ ಅಮ್ಮಾರ?"

ನನ್ನ ಬಾಯಿಂದ ಅದು ಹೊರಡಲಿಲ್ಲ. "ಅದೇ, ಹೆಣದ್ದು."

ಆಕೆ ನಕ್ಕುಬಿಟ್ಟಳು. "ಯವ್ವಾ, ಅದೇನ ಬೈಗಳಾ ಅಲ್ರಿ. ಅದು ಹೊಟ್ಟ್ಯಾಗಿಂದ ಬರೂ ಮಾತು. ಜೀವದ ಮಂದಿಗೆ ಅನ್ನೂದು. ಹಂಗ ಅಂದ್ರ ಆಯುಷ್ಯ ಹೆಚ್ಚಾಗ್ತದಂತ ನಮ್ಮವ್ವ ಅಂತಿದ್ಲು. ಬ್ಯಾರೇ ಮಂದಿಗೆ ಯಾರ ಅಂತಾರ್ರೀ? ಬ್ಯಾರೇ ಮಂದಿಗೆ ‘ರೀ’ ಹಚ್ಚಿದ್ರ ಮುಗೀತು."

"ಹಾಗಾದ್ರೆ ನನಗೆ ಒಂದು ಸಲಾನೂ ಅಂದಿಲ್ಲ?"

"ನಿಮಗ ಹೆಂಗ ಅನ್ನೂದ್ರಿ," ಎಂದಳು, ಹಿಟ್ಟಿನ ಕಡೆಗೇ ನೋಡುತ್ತಾ.

ಹನ್ನೊಂದು ವರ್ಷ. ಅದು ಚುಚ್ಚಿತು, ಆದರೆ ಅದನ್ನು ಯೋಚಿಸುತ್ತ ನಿಲ್ಲಲು ಆಗಲಿಲ್ಲ. ಹೋಗಿ ಟ್ಯಾಬ್ಲೆಟ್ ತೆರೆದೆ. ಈ ಸಲ ಹುಡುಕಿಕೊಂಡು ‘ಹೀರೇಕಾಯಿ’ಯ ಪುಟಕ್ಕೇ ಹೋದೆ. ‘ಮೂಲಂಗಿ’ಯ ಮಾತುಗಳು ಎಲ್ಲರ ಕಣ್ಣಿಗೆ ಬೂದು ಗೆರೆ, ಮಾಡರೇಟರ್‌ಗೆ ಮಾತ್ರ ಗೆರೆಯ ಕೆಳಗೆ ಅಕ್ಷರ ಕಾಣುತ್ತದೆ. ಮೂರು ವಾರದ ಮಾತು ಅದು. ದಿನಾ ಬೆಳಗ್ಗೆ, ಗಂಡ ಡ್ಯೂಟಿಗೆ ಹೋಗುವ ಹೊತ್ತು ನೋಡಿಕೊಂಡು ಬರೆದದ್ದು.

"ಎದ್ದೀಯೇನವಾ?"

"ಎದ್ದೀನಿ ಅಕ್ಕಾ."

"ಕೂಸಿಗೆ ಎಣ್ಣಿ ಹಚ್ಚಿದಿ?"

"ಮನಸಾಗವಲ್ಲತು."

"ಮನಸ ಕೇಳಿದ್ನೇನ ನಾ? ಎಣ್ಣಿ ಕೇಳಿದೆ. ಹಚ್ಚು. ನಾ ಇಲ್ಲೇ ಕುಂತೀನಿ, ಹಚ್ಚಿ ಬಂದು ಹೇಳು."

"ಹಚ್ಚಿದೆ."

"ನಿನ್ನ ಹೆಣಾ ಎತ್ಲಿ, ಚಹಾ ಆರಾಕ ಬಿಟ್ಟಿಯೇನ? ಮೊದಲ ಕುಡಿ, ಆಮ್ಯಾಲ ಅಳು."

"ಕುಡದೆ. ನೀ ಬೈದ್ರ ನಮ್ಮವ್ವ ಬಂದಂಗ ಆಗ್ತದ."

"ನಿಮ್ಮವ್ವ ಎಲ್ಲಿ ಅದಾಳ?"

"ಇಲ್ಲ. ಹೋಗಿ ಎರಡ ವರ್ಷಾತು."

ಹೀಗೆ ಇಪ್ಪತ್ತು ದಿನ. ಒಂದು ದಿನ ಅರ್ಧ ರೊಟ್ಟಿ, ಇನ್ನೊಂದು ದಿನ ತಲೆಗೆ ಸ್ನಾನ, ಮತ್ತೊಂದು ದಿನ ಮಗುವನ್ನು ಎತ್ತಿಕೊಂಡು ಲಿಫ್ಟಿನಲ್ಲಿ ಕೆಳಗೆ ಹೋಗಿ ಬಂದದ್ದು. ಯಾವ ಡಾಕ್ಟರಿಗೂ ಇಷ್ಟು ತಾಳ್ಮೆ ಇರಲಾರದು. ಅವಳನ್ನು ಏಳಿಸಿ ಮುಖ ತೊಳೆಸುತ್ತಿದ್ದ ಹೊತ್ತಿಗೇ ನಾನು ಬಾಗಿಲು ಹಾಕಿದ್ದು.

ಅದರ ಕೆಳಗೆ ‘ಹೀರೇಕಾಯಿ’ ಒಬ್ಬಳೇ ಬರೆದದ್ದು.

ಬ್ಯಾನ್ ಆದ ದಿನ: "ಅಕ್ಕಾ, ಎಲ್ಲಿ ಹೋದಿ? ನಿನ್ನ ಮಾತೆಲ್ಲಾ ಯಾಕ ಅಳಿಸಿದಿ?"

ಮರುದಿನ: "ನಾ ಏನರ ತಪ್ಪ ಮಾತಾಡಿದ್ನೇನ? ಬ್ಯಾಸರಾತೇನ ನಿನಗೂ?"

ಮೂರನೆಯ ದಿನ ಏನೂ ಇಲ್ಲ. ನಾಲ್ಕನೆಯ ದಿನ, ಅಂದರೆ ಅದೇ ಬೆಳಗ್ಗೆ, ಒಂಬತ್ತೂವರೆಗೆ: "ಕುರ್ಚಿ ತಗದ ಇಟ್ಟೀನಿ."

ಅದರಲ್ಲಿ ಕೆಟ್ಟ ಪದವಿಲ್ಲ. ಮಷೀನು ಹಿಡಿಯಲಿಲ್ಲ. ಯಾರೂ ರಿಪೋರ್ಟ್ ಮಾಡಲಿಲ್ಲ. ಅದರ ಮೇಲೆ ‘ಬೂದುಗುಂಬಳ’ದ ಸ್ವಚ್ಛ ಕನ್ನಡ, ತಾವಿಲ್ಲದಿದ್ದರೂ ಆ ಮಗು ಬೆಳೆದೀತು ಎಂಬುದು, ನಾನು ಬಿಟ್ಟ ಹಾಗೆಯೇ ಇತ್ತು.

ಮಗರಪಟ್ಟಾಕ್ಕೆ ಫೋನು ಮಾಡಿದೆ. ಎರಡನೇ ಮಹಡಿಯ ಹುಡುಗಿ ಮೀಟಿಂಗಿನಿಂದ ಹೊರಗೆ ಬಂದು ಪಿಸುಗುಟ್ಟಿದಳು, "ಆಂಟಿ, ಬ್ಯಾನ್ ತೆಗೀಬಹುದು. ಆದ್ರೆ ಅವ್ರಿಗೆ ತಿಳಿಸೋದು ಹೇಗೆ? ನಮ್ಮತ್ರ ಯಾರ ಕಾಂಟ್ಯಾಕ್ಟೂ ಇಲ್ಲ. ಬ್ಯಾನ್ ಆದ ಕೂಡ್ಲೇ ಅವ್ರ ಫೋನಲ್ಲಿ ಲಾಗೌಟ್ ಆಗಿರುತ್ತೆ. ಇಬ್ಬರನ್ನೂ ಹುಡ್ಕೋಕೆ ಆಗಲ್ಲ."

ಆಗ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಹೊಸ ಸದಸ್ಯೆಯಾಗಿ ಸೇರಿ ‘ಹೀರೇಕಾಯಿ’ಗೆ ಬರೆದೆ: "ನಿನ್ನ ಹೆಣ ಎತ್ತಲಿ. ಊಟ ಮಾಡಿದೆಯಾ?"

ಕೂಡಲೇ ಉತ್ತರ ಬಂತು. "ನೀವು ಯಾರ್ರೀ?"

ರೊಟ್ಟಿಯಾಕೆ ಹಿಟ್ಟಿನ ಕೈಯಲ್ಲೇ ಬಂದು ನನ್ನ ಭುಜದ ಮೇಲಿಂದ ಇಣುಕಿದಳು. ನಾನು ಓದಿ ಹೇಳಿದೆ. ಹಣೆ ಚಚ್ಚಿಕೊಂಡಳು. "ಹಂಗಲ್ರಿ ಅಮ್ಮಾರ! ಹಿಂಗ ಪುಸ್ತಕದಾಗಿನಂಗ ಸುದ್ದಾಗಿ ಅಂದ್ರ ಖರೇನ ಸಾಯಿ ಅಂದಂಗ ಆಗ್ತದ. ಬಿಡ್ರಿ ಅದನ್ನ. ನಿಮ್ಮ ನಂಬರ ಕೊಡ್ರಿ ಆಕಿಗೆ. ಫೋನ ಹಚ್ಚು ಅನ್ರಿ."

ನಂಬರು ಕೊಡಬಾರದು ಎಂಬುದು ಮೊದಲನೆಯ ನಿಯಮ, ಅದನ್ನು ಬರೆದವಳೂ ನಾನೇ. ನಂಬರು ಬರೆದೆ. ಕೆಳಗೆ, "ಆ ಅಕ್ಕ ನಿನ್ನನ್ನು ಬಿಟ್ಟು ಹೋಗಲಿಲ್ಲ. ನಾನು ತಪ್ಪು ಮಾಡಿದೆ. ಫೋನ್ ಮಾಡಮ್ಮ," ಎಂದು ಸೇರಿಸಿದೆ.

ಎಷ್ಟು ಹೊತ್ತು ಕಾದೆವೋ. ತವೆಯ ಮೇಲಿನ ರೊಟ್ಟಿ ಸುಟ್ಟು ಮನೆಯೆಲ್ಲ ಹೊಗೆಯಾಯಿತು, ಇವರು ಬಂದು ಗ್ಯಾಸ್ ಆರಿಸಿದರು. ಆಮೇಲೆ ಫೋನು ರಿಂಗಾಯಿತು. ಮೊದಲು ಮಗುವಿನ ಅಳು. ಅದರ ಹಿಂದೆ ತೆಳ್ಳಗಿನ ಒಂದು ದನಿ. "ಆ ಅಕ್ಕ ಅದಾರೇನ್ರಿ?"

ರೊಟ್ಟಿಯಾಕೆ ಫೋನು ಕಿತ್ತುಕೊಂಡಳು. "ಆಕಿ ಇಲ್ಲವಾ, ಆಕಿ ತಂಗಿ ಅಂತ ತಿಳಕೋ. ಕೂಸ ಯಾಕ ಅಳಾಕತ್ತದ? ಎತ್ತಿಕೋ. ಎತ್ತಿಕೊಂಡಿ? ಎಲ್ಲಿ ಅದೀ ನೀ? ಹಾಂ, ಗೇಟಿನ ಹೆಸರ ಹೇಳು. ಫೋನ ಇಡಬ್ಯಾಡ ಮತ್ತ, ಇಟ್ಟಿ ಅಂದ್ರ ನೋಡು!"

ಚಾಕಣ ರಸ್ತೆಯಲ್ಲಿ, ನಮ್ಮಿಂದ ರಿಕ್ಷಾದಲ್ಲಿ ಅರ್ಧ ಗಂಟೆಯ ದಾರಿ. ನಾನು ಮನೆಯಲ್ಲುಟ್ಟ ಸೀರೆಯಲ್ಲೇ ಹೊರಟೆ. ದಾರಿಯುದ್ದಕ್ಕೂ ಆಕೆ ಫೋನಿನಲ್ಲಿ ಮಾತು ನಿಲ್ಲಿಸಲಿಲ್ಲ. ಜತ್ತದ ಬಿಸಿಲು, ತನ್ನ ಗಂಡನ ಗೊರಕೆ, ರಿಕ್ಷಾದವನ ಮೀಸೆ, ಏನು ಸಿಕ್ಕರೂ ಅದು. ನಡುವೆ ನಡುವೆ ರಿಕ್ಷಾದವನಿಗೆ ಮರಾಠಿಯಲ್ಲಿ "ದಾದಾ, ಲವಕರ ಚಲಾ ನಾ," ಎಂದು ಅವಸರ ಮಾಡುತ್ತಿದ್ದಳು. ನಾನು ಆಕೆಯ ಪಕ್ಕ ಕೂತು ಆ ದನಿ ಕೇಳುತ್ತಿದ್ದೆ. ಪ್ರಾರ್ಥನೆ ಮಾಡಲು ನೋಡಿದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅರ್ಧಕ್ಕೇ ಮರೆತುಹೋಯಿತು.

ಟವರಿನ ಗೇಟಿನಲ್ಲಿ ವಾಚ್‌ಮನ್ ತಡೆದ. ಯಾರ ಮನೆಗೆ? ಫ್ಲ್ಯಾಟ್ ನಂಬರು ಹೇಳಿದೆವು. ಹೆಸರು ಹೇಳಿ ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳ ಮೂರು ವಾರದ ಒಡಲ ಮಾತು ಓದಿದವಳಿಗೆ ಅವಳ ಹೆಸರು ಗೊತ್ತಿಲ್ಲ. ಹೀರೇಕಾಯಿ ಎನ್ನಲಾಗುತ್ತದೆಯೇ? ರೊಟ್ಟಿಯಾಕೆ ಫೋನಿನಲ್ಲಿ, "ನಿನ್ನ ಹೆಸರೇನವಾ?" ಎಂದಳು. ಅವಳು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ರಿಜಿಸ್ಟರಿನಲ್ಲಿ ಸಂಬಂಧ ಎಂಬ ಖಾನೆಗೆ ರೊಟ್ಟಿಯಾಕೆ ‘ಮಾವಶಿ’ ಎಂದು ಬರೆಸಿದಳು. ಚಿಕ್ಕಮ್ಮ. ನಾನು ಆ ಖಾನೆ ಖಾಲಿ ಬಿಟ್ಟೆ.

ಬಾಗಿಲು ತೆರೆದವಳಿಗೆ ಇಪ್ಪತ್ತೈದು ಇರಬಹುದು. ಕೂದಲು ಜಡೆಗಟ್ಟಿತ್ತು. ಮಗುವನ್ನು ಸೊಂಟದ ಮೇಲೆ, ಬೇರೆ ಯಾರದೋ ಗಂಟು ಹಿಡಿದವಳಂತೆ ಇಟ್ಟುಕೊಂಡಿದ್ದಳು. ನಮ್ಮನ್ನು ನೋಡಿದಳು, ಆಮೇಲೆ ನಮ್ಮ ಹಿಂದೆ ಲಿಫ್ಟಿನ ಕಡೆ ನೋಡಿದಳು, ಇನ್ನೂ ಯಾರಾದರೂ ಬರುತ್ತಾರೇನೋ ಎಂದು. ಕುರ್ಚಿ ಟೀವಿಯ ಪಕ್ಕದಲ್ಲಿತ್ತು. ಬಾಲ್ಕನಿಯ ಬಾಗಿಲು ತೆರೆದಿತ್ತು. ರೊಟ್ಟಿಯಾಕೆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ತಾನೇ ಕೂತಳು. ಮಗುವಿಗೆಂದು ಕೈ ಚಾಚಿದಳು. ಹುಡುಗಿ ಕೊಟ್ಟಳು.

ನಾನು ನಿಂತೇ ಹೇಳಿದೆ. ಹೇಳದೆ ಕೂರಲಾಗುತ್ತಿರಲಿಲ್ಲ. "ಆ ಅಕ್ಕ ತಾನಾಗಿ ಹೋಗಲಿಲ್ಲಮ್ಮ. ಅವಳ ಮಾತು ಅಳಿಸಿದ್ದು ನಾನು. ಹೊರಗೆ ಹಾಕಿದ್ದೂ ನಾನೇ."

"ಯಾಕ್ರಿ?"

"ಹೆಣ ಎತ್ತಲಿ ಅಂದಿದ್ದಕ್ಕೆ."

ಅವಳು ನನ್ನನ್ನೇ ನೋಡಿದಳು. "ಅಷ್ಟಕ್ಕ?" ಎಂದಳು. ಆಮೇಲೆ ನಕ್ಕಳು. ಅದು ನೋಡಲು ಆಗುವ ನಗೆಯಾಗಿರಲಿಲ್ಲ. ನಗುತ್ತ ನಗುತ್ತ ನೆಲಕ್ಕೆ ಕೂತು ಗೋಡೆಗೆ ತಲೆಯಿಟ್ಟಳು. "ನಾ ಏನೋ ಆಕಿಗೂ ಬ್ಯಾಡಾದೆ ಅಂತ ತಿಳಕೊಂಡಿದ್ದೆ," ಎಂದಳು.

ಅವಳ ಅಕ್ಕನೊಬ್ಬಳು ಹಡಪಸರದಲ್ಲಿದ್ದಳು, ಒಡಹುಟ್ಟಿದವಳು. ಅವಳಿಗೆ ಏನೂ ಹೇಳಿರಲಿಲ್ಲ. ಫೋನು ಮಾಡಿಸಿದೆವು. ಗಂಡನೂ ಸಂಜೆಯ ಮೊದಲೇ ಓಡಿಬಂದ, ಕಾರ್ಖಾನೆಯ ಶೂ ಬಿಚ್ಚದೆ ಒಳಗೆ ನಿಂತು, "ಬಾಣಂತಿ ಅಂದ್ರ ಹಿಂಗ ಇರ್ತಾರಂತ ಎಲ್ಲಾರೂ ಅಂದ್ರು," ಎಂದ. ಕೆಟ್ಟವನಲ್ಲ. ಮರುದಿನ ಡಾಕ್ಟರು ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿ, ಇದು ಕಾಯಿಲೆ, ಮಾತ್ರೆ ಇದೆ ಎಂದರು. ಕಾಯಿಲೆ ಎಂದು ಕೇಳಿ ಅವಳು ಮೊದಲ ಬಾರಿಗೆ ಸರಿಯಾಗಿ ಅತ್ತಳಂತೆ. ಈಗ ಅಕ್ಕನ ಮನೆಯಲ್ಲಿದ್ದಾಳೆ. ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಕೆಲವು ದಿನ ಫೋನು ಎತ್ತುವುದಿಲ್ಲ. ಆ ದಿನಗಳಲ್ಲಿ ರೊಟ್ಟಿಯಾಕೆ ನಮ್ಮ ಅಡುಗೆಮನೆಯಿಂದಲೇ ಅವಳ ಅಕ್ಕನಿಗೆ ಫೋನು ಹಚ್ಚುತ್ತಾಳೆ.

‘ಬೂದುಗುಂಬಳ’ವನ್ನು ಮರುದಿನವೇ ಹೊರಗೆ ಹಾಕಿದೆ. ನೇರವಾಗಿ ಸಾಯಿ ಎನ್ನದವರಿಗೆ ಹಾಕುವ ಮುಂಚೆ ಒಂದು ಎಚ್ಚರಿಕೆ ಕಳಿಸಬೇಕಿತ್ತು, ಕಳಿಸಿದೆ. ಉತ್ತರ ನನಗಿಂತ ಒಳ್ಳೆಯ ಇಂಗ್ಲಿಷಿನಲ್ಲಿ ಬಂತು. ತಮ್ಮ ಬರಹದಲ್ಲಿ ಒಂದೇ ಒಂದು ಅಸಭ್ಯ ಪದವನ್ನು ದಯಮಾಡಿ ತೋರಿಸಿ ಎಂದು ಕೇಳಿದ್ದರು. ತೋರಿಸಲು ಆಗಲಿಲ್ಲ. ಆ ಮಾತನ್ನು ಬರೆದವರು ಗಂಡಸೋ ಹೆಂಗಸೋ, ನನ್ನ ವಯಸ್ಸಿನವರೋ, ನನ್ನಂಥ ಶಾಲೆಯಲ್ಲೇ ಓದಿದವರೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ.

ಎರಡನೇ ಮಹಡಿಯ ಹುಡುಗಿ ನನ್ನನ್ನು ಸಮಾಧಾನ ಮಾಡಲು ಬಂದಳು. "ಆಂಟಿ, ಪಾಲಿಸಿ ಪ್ರಕಾರ ನೀವ್ ಮಾಡಿದ್ದು ಕರೆಕ್ಟೇ. ಯಾರಿದ್ರೂ ಅದನ್ನ ಬ್ಯಾನ್ ಮಾಡ್ತಿದ್ರು."

"ಯಾರಿದ್ರೂ ಅಲ್ಲ ಕಣೆ," ಎಂದೆ. "ನಮ್ಮ ರೊಟ್ಟಿಯವಳು ಮಾಡ್ತಿರಲಿಲ್ಲ."

ಹುಡುಗಿ ಅಡುಗೆಮನೆಯ ಕಡೆ ನೋಡಿ, "ಅವರಿಗೆ ಓದೋಕೆ ಬರುತ್ತಾ?" ಎಂದಳು. ಬರುವುದಿಲ್ಲ. ಮೂಲಂಗಿಗೆ ಕನ್ನಡ ಓದಲು ಬರುತ್ತಿತ್ತು. ಇಂಗ್ಲಿಷ್ ಬರುತ್ತಿತ್ತೋ ಇಲ್ಲವೋ. ಆ ನೋಟಿಸು ಅವಳ ಫೋನಿನಲ್ಲಿ ತೆರೆದಾಗ ಅವಳಿಗೆ ಏನು ಅರ್ಥವಾಯಿತು, ಯಾರಿಂದ ಓದಿಸಿಕೊಂಡಳು, ‘ಅನ್‌ಬಿಕಮಿಂಗ್’ ಎಂಬುದಕ್ಕೆ ಅವರು ಅವಳಿಗೆ ಏನೆಂದು ಅರ್ಥ ಹೇಳಿದರು, ಇದೆಲ್ಲ ನನಗೆ ಗೊತ್ತಿಲ್ಲ. ಬ್ಯಾನ್ ತೆಗೆದಾಗಿದೆ. ನೋಟಿಸು ಈಗ ಕನ್ನಡದಲ್ಲಿದೆ, ಯಾಕೆ ಏನು ಎಂದು ಕೇಳಲು ಕೆಳಗೆ ಜಾಗವೂ ಇದೆ. ಅವಳು ಬರಲಿಲ್ಲ. ಒಮ್ಮೆ ಹೊರಗೆ ಹಾಕಿದ ಮನೆಯ ಬಾಗಿಲು ಯಾರು ಮತ್ತೆ ತಳ್ಳಿ ನೋಡುತ್ತಾರೆ?

ಹಡಪಸರದಿಂದ ಹುಡುಗಿ ಈ ಮೂರು ತಿಂಗಳಲ್ಲಿ ನನ್ನನ್ನು ಕೇಳಿದ್ದು ಒಂದೇ. "ಅಮ್ಮಾರ, ಆ ಅಕ್ಕಗ ಹೇಳ್ರಿ. ನಾ ಏನಾದೆನೋ ಅಂತ ಆಕಿ ಜೀವಾ ಸುಟಗೋತಿರ್ತದ."

ಅದು ನನಗೂ ಹೊಳೆದಿರಲಿಲ್ಲ. ನಾನು ನನ್ನ ತಪ್ಪಿನ ಸುತ್ತಲೇ ತಿರುಗುತ್ತಿದ್ದೆ. ಇದೇ ಊರಿನಲ್ಲಿ, ಪಿಂಪ್ರಿಯಲ್ಲೋ, ಇನ್ನೆಲ್ಲೋ, ಒಬ್ಬ ಹೆಂಗಸು ದಿನಾ ಬೆಳಗ್ಗೆ ಕುರ್ಚಿಯನ್ನೂ ಬಾಲ್ಕನಿಯನ್ನೂ ನೆನೆಯುತ್ತಿರಬೇಕು. ಅವಳಿಗೆ ಕತೆ ನಿಂತದ್ದು ಮಾರಿ ತೊಳಕೋ ಎಂಬಲ್ಲಿ. ಆ ಹುಡುಗಿ ಎದ್ದಳೋ ಇಲ್ಲವೋ ಅವಳಿಗೆ ಗೊತ್ತಿ‍ಲ್ಲ.

ಹೊರಗಿನವರು ನಮ್ಮ ಬಳಗದ ಒಳಗಿನದನ್ನು ಓದಲಾರರು, ಅಲ್ಲಿ ಬರೆಯಲಾರರು, ಆದರೆ ಮೊದಲ ಪುಟವನ್ನು ಯಾರು ಬೇಕಾದರೂ ಓದಬಹುದು. ಅದರ ನೆತ್ತಿಯ ಮೇಲೆ ನಿಯಮಗಳಿದ್ದವು, ನನ್ನವೇ, ಒಂದರಿಂದ ಹನ್ನೆರಡು. ಅವನ್ನು ಕೆಳಗಿಳಿಸಿ ಆ ಜಾಗದಲ್ಲಿ ಒಂದು ಸಾಲು ಹಾಕು ಎಂದು ಎರಡನೇ ಮಹಡಿಯವಳಿಗೆ ಹೇಳಿದೆ. "ಏನಂತ?" ಎಂದಳು. "ಅವಳು ಕ್ಷೇಮವಾಗಿದ್ದಾಳೆ ಅಂತ," ಎಂದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ಕ್ಷೇಮ ಗೀಮ ಬ್ಯಾಡ್ರಿ ಅಮ್ಮಾರ. ಅದನ್ನ ಎಲ್ಲಾರೂ ಬರೀತಾರ. ಆಕಿಗೆ ತಿಳಿಯೂ ಹಂಗ ಬರೀರಿ," ಎಂದು ಅಲ್ಲಿಂದಲೇ ಹೇಳಿಕೊಟ್ಟಳು. ನಾನು ಒಂದಕ್ಷರ ತಿದ್ದದೆ ಬರೆದುಕೊಟ್ಟೆ.

"ಮಾರಿ ತೊಳಕೊಂಡ್ಲವಾ. ಉಣ್ಣಾಕತ್ಯಾಳ. ಕೂಸೂ ಆರಾಮದ."

ಏನಿದು, ಯಾರ ಕೂಸು, ಪುಟ ಹ್ಯಾಕ್ ಆಗಿದೆಯೇ ಎಂದು ಜನ ಕೇಳುತ್ತಾರೆ. ಆ ಪ್ರಶ್ನೆಗಳೂ ಬೆಳಗ್ಗೆ ನನ್ನ ಮುಂದೆ ಸಾಲಾಗಿ ಬರುತ್ತವೆ. ಉತ್ತರ ಕೊಡುವುದಿಲ್ಲ. ಆ ಸಾಲನ್ನು ತೆಗೆಯಲೂ ಬಿಟ್ಟಿಲ್ಲ.